ತಳ ತಿಕ್ಕಿದ ತಪ್ಪು

ಯಾರ ಮನೆಗೆ ಹೋದರೂ, ಕುಡಿಯಲು ಕೊಟ್ಟ ನೀರನ್ನು ಮುಗಿಸಿದ ಮೇಲೆ, ಲೋಟವನ್ನು ಕೆಳಗಿಡುವ ನೆಪದಲ್ಲಿ ಒಮ್ಮೆ ಓರೆ ಮಾಡಿ ಅದರ ತಳವನ್ನು ನೋಡುವ ದುರಭ್ಯಾಸ ನನಗಿದೆ. ಅಂಚನ್ನು ಎಲ್ಲರೂ ತೊಳೆಯುತ್ತಾರೆ, ಏಕೆಂದರೆ ಅದಕ್ಕೆ ತುಟಿ ತಾಗುತ್ತದೆ. ಹೊಟ್ಟೆಯನ್ನು ಬಹುಮಂದಿ ತೊಳೆಯುತ್ತಾರೆ, ಏಕೆಂದರೆ ಅದು ಕಣ್ಣಿಗೆ ಬೀಳುತ್ತದೆ. ಯಾರಿಗೂ ಕಾಣದ ತಳವನ್ನು ತಿಕ್ಕುವವಳೇ ನಿಜವಾದ ಮನೆವಂತೆ ಎಂಬುದು ನಾನಾಗಿ ಕಂಡುಕೊಂಡ ಸಿದ್ಧಾಂತ. ತಾವು ಎಂದಾದರೂ ನನಗೆ ನೀರು ಕೊಟ್ಟಿದ್ದು, ಆಮೇಲೆ ನಾನು ವಿನಾಕಾರಣ ಮುಗುಳ್ನಕ್ಕಿದ್ದರೆ, ಕಾರಣ ಇಷ್ಟೇ, ದಯವಿಟ್ಟು ಕ್ಷಮಿಸಬೇಕು. ಈ ಸಿದ್ಧಾಂತದಿಂದ ನನ್ನ ತಮ್ಮನ ಆರು ವರ್ಷ ಹಾಳಾದದ್ದನ್ನು ಇಲ್ಲಿ ಹೇಳಿಕೊಳ್ಳಲು ಹೊರಟಿದ್ದೇನೆ, ಅದಕ್ಕೂ ಸೇರಿಸಿಯೇ ಕ್ಷಮಿಸಿಬಿಡಿ.

ನಾನು ಓದಿದ್ದು ಎಂಟನೆಯ ತರಗತಿಯ ಅರ್ಧ ವರ್ಷ. ಉಳಿದರ್ಧ ವರ್ಷಕ್ಕೆ ಅಮ್ಮನ ಬೆನ್ನುನೋವು ಅಡ್ಡ ಬಂತು; ಮನೆಯಲ್ಲಿ ಒಬ್ಬರು ನಿಲ್ಲಬೇಕಾಯಿತು, ನಾನು ನಿಂತೆ. ಅಮ್ಮನ ಬೆನ್ನು ಮರುವರ್ಷ ಸರಿಹೋಯಿತು. ನಾನು ನಿಂತವಳು ನಿಂತೇ ಇದ್ದೆ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ತಾವು ಇರುವ ತನಕ, ಮದರಾಸಿನಲ್ಲಿ ಹುಟ್ಟಿದ ಮಗಳಿಗೆ ಅಕ್ಷರ ಮರೆಯದಿರಲೆಂದು ಕನ್ನಡದ ಹಳೆಯ ವಾರಪತ್ರಿಕೆಗಳನ್ನು ಎಲ್ಲಿಂದಲೋ ಹೊತ್ತು ತಂದು ಓದಿಸಿದರು. ಶಾಲೆ ಕೊಡದ ಪದವಿಯನ್ನು ನನಗೆ ದೇವರಮನೆ ಕೊಟ್ಟಿತು. ಪ್ರತಿ ಗುರುವಾರ ಸಂಜೆ, ಶುಕ್ರವಾರದ ಪೂಜೆಗೆಂದು ಪಂಚಪಾತ್ರೆ, ಉದ್ಧರಣೆ, ತಟ್ಟೆ, ದೀಪಗಳನ್ನು ಬಚ್ಚಲಿನ ಕಟ್ಟೆಯ ಮೇಲೆ ಹರಡಿಕೊಂಡು, ಸಾರಿಗೆ ಹಿಂಡಿ ಉಳಿದ ಹುಣಿಸೆಯ ನಾರಿಗೆ ಚಿಟಿಕೆ ಉಪ್ಪು ಸೇರಿಸಿ ನಾನು ತಿಕ್ಕಲು ಕುಳಿತೆನೆಂದರೆ, ಮದರಾಸಿನ ಕ್ರೋಂಪೇಟೆಯ ನಮ್ಮ ಬೀದಿಯ ಹೆಂಗಸರು ನಿಂತು ನೋಡಿ ಹೋಗುತ್ತಿದ್ದರು. "ನಮ್ಮ ಕೋಮಲನ ಕೈ ಬಿದ್ರೆ ಕಲ್ಲೂ ಕನ್ನಡಿ ಆಗತ್ತೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ನನ್ನನ್ನು ಶಾಲೆ ಬಿಡಿಸಿದ್ದಕ್ಕೆ ಅವಳು ಕೊಡುತ್ತಿದ್ದ ಪರಿಹಾರ ಅದು ಎಂದು ಗೊತ್ತಿದ್ದೂ ನಾನು ಉಬ್ಬುತ್ತಿದ್ದೆ.

ನನಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ ಮುರಳಿಯ ಕೈಗೆ ಬೇರೆಯೇ ಖ್ಯಾತಿಯಿತ್ತು. ಐದು ವರ್ಷಕ್ಕೆ ಗಡಿಯಾರ ಬಿಚ್ಚಿದ; ಹತ್ತಕ್ಕೆ ರೇಡಿಯೋ ಬಿಚ್ಚಿದ; ಹದಿನೈದಕ್ಕೆ ಬಿಚ್ಚಿದ್ದನ್ನು ತಿರುಗಿ ಜೋಡಿಸಲೂ ಕಲಿತ. ಡಿಪ್ಲೊಮಾ ಮುಗಿಸಿ, ಕಂಪ್ಯೂಟರ್ ರಿಪೇರಿಯ ತರಬೇತಿಯನ್ನೂ ಪಡೆದು, ಇಪ್ಪತ್ತನಾಲ್ಕರ ಹೊತ್ತಿಗೆ ಅಲ್ಲಿ ಇಲ್ಲಿ ಕರೆದವರ ಯಂತ್ರ ಸರಿಮಾಡಿಕೊಂಡು ಓಡಾಡುತ್ತಿದ್ದ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದ ಕಾಲ. ಬೀದಿಗೊಂದು ಕಾಫಿಪುಡಿ ಅಂಗಡಿಯಿದ್ದ ಊರಿನಲ್ಲಿ ಬೀದಿಗೆರಡು ಕಂಪ್ಯೂಟರ್ ಸೆಂಟರುಗಳು ಎದ್ದಿದ್ದವು.

ಆಗ ಅವನಿಗೆ ಸಿಕ್ಕಿದ ದೊಡ್ಡ ಗಿರಾಕಿ ಅಣ್ಣಾ ನಗರದಲ್ಲಿ ಜಾತಕ ಕೇಂದ್ರ ನಡೆಸುತ್ತಿದ್ದ ವರದನ್ ಎಂಬ ಹಿರಿಯರು. ಅಲ್ಲಿ ಆರು ಮಂದಿ ಹುಡುಗಿಯರು ಆರು ಕಂಪ್ಯೂಟರುಗಳ ಮುಂದೆ ಕುಳಿತು ವಧೂವರರ ಜಾತಕಗಳನ್ನು ತಾಳೆ ಹಾಕಿ, ತಮಿಳರು ನೋಡುವ ಹತ್ತು ಪೊರುತ್ತಂಗಳನ್ನು, ಎಂದರೆ ಹತ್ತು ಬಗೆಯ ಹೊಂದಾಣಿಕೆಗಳನ್ನು, ಮುದ್ರಿಸಿ ಕೊಡುತ್ತಿದ್ದರು. ಜಾತಕಗಳೆಲ್ಲ ಇದ್ದದ್ದು ಮೂಲೆಯಲ್ಲಿ ನಿಂತಿದ್ದ ಏಳನೆಯ ಯಂತ್ರದಲ್ಲಿ. ಅದಕ್ಕೆ ಸರ್ವರ್ ಎಂದು ಹೆಸರೆಂದೂ, ಆರು ಎಲೆಗೆ ಒಂದೇ ಅಡುಗೆಮನೆ ಇದ್ದ ಹಾಗೆಂದೂ ಮುರಳಿ ನನಗೆ ತಿಳಿಯುವಂತೆ ಹೇಳಿದ್ದ. ಆ ಅಡುಗೆಮನೆಯಲ್ಲಿ ನನ್ನ ಜಾತಕವೂ ಬೇಯುತ್ತಿತ್ತು. ಮೂವತ್ತೆರಡು ದಾಟಿದ ಅಕ್ಕನನ್ನು ತಮ್ಮನೇ, ಅಮ್ಮನ ಕಣ್ಣೀರಿಗೆ ಕರಗಿ, ತನ್ನ ಪ್ರಭಾವ ಬಳಸಿ ಅಲ್ಲಿ ಸೇರಿಸಿದ್ದ. ಜಾತಕ ಹೆಚ್ಚಿದ ಹಾಗೆ ಸರ್ವರ್ ಏದುಸಿರು ಬಿಡತೊಡಗಿತು. ಹತ್ತು ಪೊರುತ್ತಂ ನೋಡುವಷ್ಟರಲ್ಲಿ ಗಂಡಿನ ಕಡೆಯವರು ಎರಡು ಸಲ ಕಾಫಿ ಕುಡಿಯುತ್ತಿದ್ದರು. ಅದರ ಮಿದುಳಾದ ಪ್ರೊಸೆಸರನ್ನು ಬದಲಿಸಿ ಹೆಚ್ಚು ವೇಗದ್ದನ್ನು ಕೂರಿಸಬೇಕೆಂದು ಮುರಳಿ ಸಲಹೆ ಕೊಟ್ಟ. ವರದನ್ ಪಂಚಾಂಗ ನೋಡಿ ಒಪ್ಪಿದರು. ಕೆಲಸ ಸರಿಹೋದರೆ ಅವರ ಮೂರು ಕೇಂದ್ರಗಳ ಯಂತ್ರಗಳೂ ಮುರಳಿಯ ಉಸ್ತುವಾರಿಗೆ ಎಂದು ಮಾತಾಯಿತು. ಸರ್ವರಿನ ಹೊಟ್ಟೆಗೆ ತಾನೊಬ್ಬನೇ ಕೈಹಾಕುವುದು ಮುರಳಿಗೆ ಅದೇ ಮೊದಲು.

ಗುರುವಾರ ಮಧ್ಯಾಹ್ನ ಅವನು ಮೌಂಟ್ ರೋಡಿನ ಹಿಂದಿನ ಬಿಡಿಭಾಗಗಳ ಬೀದಿಯಿಂದ ಎರಡು ಡಬ್ಬಿ ತಂದ. ಒಂದರಲ್ಲಿ ಪ್ರೊಸೆಸರ್: ಬಿಸ್ಕತ್ತಿನ ಅಗಲದ ಚೌಕ, ತಳದಲ್ಲಿ ನೂರಾರು ಸೂಜಿ. ಇನ್ನೊಂದರಲ್ಲಿ ಅದರ ತಲೆಯ ಮೇಲೆ ಕೂರುವ, ಸಣ್ಣ ಫ್ಯಾನ್ ಹೊತ್ತ ಲೋಹದ ಗೋಪುರ. ಮಿದುಳು ಯೋಚಿಸಿ ಯೋಚಿಸಿ ಬಿಸಿಯಾದಾಗ ಆ ಶಾಖವನ್ನು ಹೀರಿ ಹೊರಗೆ ದಬ್ಬುವುದು ಅದರ ಕೆಲಸ.

"ಅಕ್ಕಾ, ಎರಡೂ ದೇವ್ರ ಮುಂದೆ ಇಟ್ಟು ಕುಂಕುಮ ಹಚ್ಚು. ಡಬ್ಬಿ ಮೇಲೆ ಹಚ್ಚಿದ್ರೆ ಸಾಕು. ಒಳಗೆ ಕೈ ಹಾಕ್ಬೇಡ, ಸೆರಿಯಾ?"

"ನಂಗೇನೋ ಬೇರೆ ಕೆಲ್ಸ ಇಲ್ವಾ?" ಎಂದೆ. ಇರಲಿಲ್ಲ.

ಅವನು ಹೊರಗೆ ಹೋದ. ನಾನು ಪೂಜೆಯ ಸಾಮಾನು ತಿಕ್ಕಿ ಮುಗಿಸಿ, ಕೈಯಲ್ಲಿ ಇನ್ನೂ ಹುಣಿಸೆಯ ನಾರು ಇರುವಾಗಲೇ, ಡಬ್ಬಿಗಳ ಮುಂದೆ ಕುಳಿತೆ. ಕುಂಕುಮ ಹಚ್ಚುವ ಮುನ್ನ ಒಳಗಿರುವುದು ನೆಟ್ಟಗಿದೆಯೇ ಎಂದು ನೋಡುವುದು ತಪ್ಪೇ? ಸೂಜಿಗಳ ಬಿಲ್ಲೆಯನ್ನು ಕಂಡು ಹೆದರಿ ಹಾಗೆಯೇ ಮುಚ್ಚಿದೆ. ಗೋಪುರದ ಡಬ್ಬಿಯನ್ನು ತೆರೆದೆ; ನನ್ನ ಕೈ, ನಾನು ಹೇಳದೆಯೇ, ಅದನ್ನು ತಲೆಕೆಳಗು ಮಾಡಿತು. ತಳಕ್ಕೊಂದು ಪ್ಲಾಸ್ಟಿಕ್ಕಿನ ಮುಚ್ಚಳ. ಅದನ್ನು ತೆಗೆದರೆ, ಅಪ್ಪಟ ತಾಮ್ರ! ಆ ತಾಮ್ರದ ನಟ್ಟನಡುವೆ, ಒಲೆಯ ಮಸಿಗೆ ಜಿಡ್ಡು ಸೇರಿದರೆ ಹೇಗಿರುತ್ತದೋ ಹಾಗೆ, ಬೂದು ಬಣ್ಣದ ಒಂದು ಚೌಕ ಕೊಳೆ ಮೆತ್ತಿಕೊಂಡಿತ್ತು.

ಹೊಸ ವಸ್ತು, ದೇವರ ಮುಂದೆ ಇಡಬೇಕಾದ್ದು, ಮೇಲಾಗಿ ತಾಮ್ರ, ಅದಕ್ಕಿಂತ ಮೇಲಾಗಿ ತಳ. ನನ್ನ ಸ್ಥಿತಿಯನ್ನು ತಾವು ಊಹಿಸಬಲ್ಲಿರಿ. ಅಂಗಡಿಯವನ ಮನೆಯ ಹೆಂಗಸರ ಬಗ್ಗೆ ಒಂದು ಕ್ಷಣ ಕನಿಕರಪಟ್ಟು, ಹುಣಿಸೆಯ ನಾರನ್ನು ಒತ್ತಿ ತಿಕ್ಕಿದೆ. ಮೊದಲು ಜಾರಿತು, ಆಮೇಲೆ ಉಂಡೆಯುಂಡೆಯಾಗಿ ಎದ್ದಿತು, ಕೊನೆಗೆ ಬಿಟ್ಟಿತು. ಫ್ಯಾನಿಗೆ ಹನಿ ನೀರೂ ತಾಗಿಸಲಿಲ್ಲ, ಅಷ್ಟು ವಿಜ್ಞಾನ ನನಗೂ ಬರುತ್ತದೆ. ಒದ್ದೆಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಒರೆಸಿ, ಮುಖ ನೋಡಿಕೊಂಡು ಹಣೆಯ ಬೊಟ್ಟು ಸರಿಮಾಡಿಕೊಂಡೆ. ಪ್ಲಾಸ್ಟಿಕ್ಕಿನ ಮುಚ್ಚಳವನ್ನು ಮೊದಲಿನಂತೆಯೇ ಹಾಕಿ ಡಬ್ಬಿಯಲ್ಲಿಟ್ಟೆ. ತಮ್ಮನಿಗೆ ಹೇಳಲಿಲ್ಲ. ಒಳ್ಳೆಯ ಕೆಲಸವನ್ನು ಹೇಳಿಕೊಳ್ಳಬಾರದಲ್ಲವೇ?

ಮರುದಿನ ಅಣ್ಣಾ ನಗರದಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡವಳಲ್ಲ. ಮುರಳಿ ಹೇಳಿದ್ದನ್ನು ಹೇಳುತ್ತೇನೆ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ. ಅಷ್ಟರೊಳಗೆ ಹೊಸ ಮಿದುಳು ಕೂರಬೇಕು ಎಂದು ವರದನ್ ಗಡಿಯಾರ ಹಿಡಿದು ಅವನ ಹೆಗಲ ಹಿಂದೆಯೇ ನಿಂತಿದ್ದರಂತೆ. "ತಂಬಿ, ಇನ್ನೂ ಹದಿನೈದು ನಿಮಿಷ, ತಂಬಿ, ಇನ್ನೂ ಹತ್ತು" ಎಂದು ಎಣಿಸುತ್ತಿದ್ದವರ ಭರಾಟೆಯಲ್ಲಿ ಮುರಳಿ ಹಳೆಯದನ್ನು ಬಿಚ್ಚಿ, ಸೂಜಿ ಬಾಗದಂತೆ ಹೊಸದನ್ನು ಇಳಿಸಿ, ಅಂಗಡಿಯಲ್ಲಿ ತಾನೇ ಪರೀಕ್ಷಿಸಿ ತಂದಿದ್ದ ಗೋಪುರದ ಮುಚ್ಚಳವನ್ನು ಕಿತ್ತು, ತಳದ ಕಡೆ ನೋಡದೆ ಕೂರಿಸಿ, ಚಿಲಕ ಬಿಗಿದ. ಹತ್ತು ಇಪ್ಪತ್ತೈದಕ್ಕೆ ಯಂತ್ರ ಎದ್ದಿತು. ತೆಂಗಿನಕಾಯಿ ಒಡೆಯಿತು. ಆರು ಹುಡುಗಿಯರೂ ಚಪ್ಪಾಳೆ ತಟ್ಟಿದರು.

ಮೊದಲ ಗಿರಾಕಿಯಾಗಿ ತಿರುವಳ್ಳೂರಿನಿಂದ ಗಂಡಿನ ಕಡೆಯವರು ಬಂದು ಕುಳಿತಿದ್ದರು. ಪೊರುತ್ತಂಗಳು ಒಂದೊಂದಾಗಿ ಪರದೆಯ ಮೇಲೆ ಚಕಚಕನೆ ಬಂದವು. ಏಳನೆಯದು ಬಂದು ಎಂಟನೆಯದು ಬರುವ ಮೊದಲು ಸರ್ವರ್ ಕಣ್ಣು ಮುಚ್ಚಿತು. ತಿರುಗಿ ಎಬ್ಬಿಸಿದರು; ಕಾಲು ಗಂಟೆ ನಡೆದು ಮತ್ತೆ ಮಲಗಿತು. ಮೂರನೆಯ ಸಲ ಗಂಡಿನ ಅತ್ತೆಯೊಬ್ಬರು, ಯಂತ್ರಕ್ಕೇ ಒಪ್ಪಿಗೆಯಿಲ್ಲದ ಸಂಬಂಧ ತಮಗೆ ಬೇಡವೆಂದು ಎದ್ದು ಹೊರಟೇಬಿಟ್ಟರು. ವರದನ್ ಬೈಯಲಿಲ್ಲವಂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ರೇಖೆಗಳನ್ನು ನೋಡಿ, ಬಹಳ ಮರುಕದಿಂದ ಹೇಳಿದರಂತೆ: "ನಿನಗೆ ಓದು ಇದೆ ತಂಬಿ. ಕೈರಾಸಿ ಇಲ್ಲೈಯೇ."

ಕೈರಾಸಿ ಎಂದರೆ ನಾವು ಕೈಗುಣ ಎನ್ನುವುದೇ. ಈ ಊರಿನಲ್ಲಿ ಡಾಕ್ಟರಿಗೂ ಅದು ಬೇಕು, ಮೊದಲ ವ್ಯಾಪಾರ ಮಾಡುವ ಹೂವಿನವಳಿಗೂ ಬೇಕು. ಕೈರಾಸಿ ಇಲ್ಲವೆಂದು ಹೆಸರಾದವನು ಮುಟ್ಟಿದ ಬಾವಿಯಲ್ಲಿ ನೀರೂ ಕೆಳಗೆ ಹೋಗುತ್ತದೆ.

ಸೋಮವಾರ ವರದನ್ ಬೇರೊಬ್ಬ ಅನುಭವಸ್ಥನನ್ನು ಕರೆಸಿದರು. ಅವನು ಗೋಪುರವನ್ನು ಎತ್ತಿ, ತಳ ನೋಡಿ, ನಕ್ಕು, ಜೇಬಿನಿಂದ ಒಂದು ಪುಟ್ಟ ಟ್ಯೂಬು ತೆಗೆದು ಬಿಳಿಯ ಲೇಪ ಹಚ್ಚಿ ಕೂರಿಸಿದ. ಸರ್ವರ್ ಆಮೇಲೆ ನಿಲ್ಲಲಿಲ್ಲ. ಆ ಸಂಜೆ ಮುರಳಿ ಅಡುಗೆಮನೆಯಲ್ಲಿ ತಟ್ಟೆಯ ಮುಂದೆ ಕುಳಿತು ದೋಸೆಯನ್ನು ಚೂರು ಚೂರು ಮಾಡುತ್ತ ಹೇಳಿದ:

"ತಳದಲ್ಲಿ ಬೂದು ಬಣ್ಣದ ಒಂದು ಪಟ್ಟಿ ಇರತ್ತೆ ಅಕ್ಕಾ. ಎರಡು ಲೋಹದ ಮಧ್ಯೆ ಶಾಖ ದಾಟೋಕೆ ಅದೇ ಸೇತುವೆ. ಅದಿಲ್ದೆ ಕೂರಿಸಿದ್ರೆ ಮಿದುಳು ಬೆಂದುಹೋಗತ್ತೆ. ಅಂಗಡೀಲಿ ನಾನೇ ನೋಡಿದ್ದೆ, ಇತ್ತು. ಎಲ್ಲಿ ಹೋಯ್ತು?"

ಕಾವಲಿಯಿಂದ ಹೊಗೆ ಎದ್ದಿತೋ, ನನ್ನ ತಲೆಯಿಂದಲೋ ತಿಳಿಯಲಿಲ್ಲ. ಎಲ್ಲಿ ಹೋಯಿತೆಂದು ಪ್ರಪಂಚದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು: ಬಚ್ಚಲಿನ ತೂಬಿನಲ್ಲಿ, ಹುಣಿಸೆಯ ನಾರಿನ ಜೊತೆ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಯಿಂದ ಹೊರಬಿದ್ದದ್ದು, "ಇನ್ನೊಂದು ದೋಸೆ ಹಾಕ್ಲಾ?"

ಮರುದಿನ ಅವನು ಆ ಅಂಗಡಿಗೆ ಹೋಗಿ ಜಗಳವಾಡಿ, ನಗೆಪಾಟಲಾಗಿ ಬಂದ. ಆಗಲೂ ಹೇಳಬೇಕೆಂದಿದ್ದೆ, ಎರಡು ದೋಸೆ ಹಾಕಿದೆ. ಮೂರು ಕೇಂದ್ರಗಳ ಉಸ್ತುವಾರಿ ಕೈತಪ್ಪಿದ ದಿನ ಮಸಾಲೆ ದೋಸೆಯನ್ನೇ ಮಾಡಿದೆ. ಮನುಷ್ಯರ ಪಶ್ಚಾತ್ತಾಪ ಉಪವಾಸದಲ್ಲಿ ಪ್ರಕಟವಾಗುತ್ತದೆಂದು ಕೇಳಿದ್ದೇನೆ. ನನ್ನದು ಹಿಟ್ಟು ರುಬ್ಬುವುದರಲ್ಲಿ ಪ್ರಕಟವಾಯಿತು. ಆ ವರ್ಷ ಮುರಳಿ ದಪ್ಪಗಾದ. "ಚಿಂತೆಗೆ ಊದಿಕೊಂಡಿದ್ದಾನೆ ಮಗು" ಎಂದು ಅಮ್ಮ ದೃಷ್ಟಿ ತೆಗೆದಳು.

ಏಕೆ ಹೇಳಲಿಲ್ಲ ಎಂದು ತಾವು ಕೇಳಬೇಕು. ಹೆದರಿಕೆ ಎನ್ನುವುದು ಅರ್ಧ ಉತ್ತರ. ಈ ಮನೆಯಲ್ಲಿ ನನಗೆಂದು ಇದ್ದದ್ದು ತಿಕ್ಕುವ ಕೈಯೊಂದೇ. ಅದೂ ತಪ್ಪು ಮಾಡಿತೆಂದರೆ ನನ್ನ ಬಳಿ ಏನು ಉಳಿಯಿತು? ಇನ್ನರ್ಧ ಉತ್ತರವನ್ನು ಬರೆಯಲು ನಾಚಿಕೆಯಾಗುತ್ತದೆ. ಓದಿದವನೂ ಎಡವುತ್ತಾನೆ ಎಂದು ಕಂಡಾಗ, ಎಂಟನೆಯ ತರಗತಿಯ ಅರ್ಧದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ನನ್ನೊಳಗೆ ಚಿಟಿಕೆಯಷ್ಟು ಸಂತೋಷಪಟ್ಟಳು. ಹುಣಿಸೆಗೆ ಸೇರಿಸುವ ಉಪ್ಪಿನಷ್ಟು. ಅವಳನ್ನು ನಾನು ತಕ್ಷಣ ಗದರಿದೆ. ಆದರೆ ಅವಳು ನಕ್ಕಿದ್ದು ನಿಜ. ಆ ನಗು ಕೇಳಿಸಿಕೊಂಡ ಮೇಲೆ, ತಪ್ಪು ಒಪ್ಪಿಕೊಳ್ಳುವುದು ಬರೀ ಹುಣಿಸೆಹಣ್ಣಿನ ವಿಷಯವಾಗಿ ಉಳಿಯಲಿಲ್ಲ.

ಮುರಳಿ ಯಂತ್ರ ಬಿಚ್ಚುವುದನ್ನು ಬಿಟ್ಟ. ಪಲ್ಲಾವರಂನ ಔಷಧಗಳ ಸಗಟು ಅಂಗಡಿಯೊಂದರಲ್ಲಿ ಬಿಲ್ಲು ಬೆರಳಚ್ಚು ಮಾಡುವ ಕೆಲಸ ಹಿಡಿದ. ರೇಡಿಯೋ ಬಿಚ್ಚಿದವನು ಮನೆಯಲ್ಲಿ ಫ್ಯೂಸು ಹೋದರೆ, "ನನ್ನ ಕೈ ಬೇಡ" ಎಂದು ಎಲೆಕ್ಟ್ರಿಷಿಯನ್ನನಿಗೆ ಹೇಳಿಕಳಿಸುತ್ತಿದ್ದ. ಮಿಕ್ಸಿ ಕೆಟ್ಟು ನಿಂತರೆ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಎರಡು ಕೈಗಳನ್ನೂ ಹಿಂದಕ್ಕೆ ಕಟ್ಟಿಕೊಂಡು, ವಸ್ತುಸಂಗ್ರಹಾಲಯಕ್ಕೆ ಬಂದವನಂತೆ ದೂರದಿಂದ ನೋಡುತ್ತಿದ್ದ. ಆ ಕಟ್ಟಿದ ಕೈಗಳನ್ನು ನಾನು ಆರು ವರ್ಷ ನೋಡಿದೆ. ಈ ನಡುವೆ ವರದನ್‌ರ ಸರ್ವರ್ ನನಗೊಬ್ಬ ವರನನ್ನೂ ಹುಡುಕಿಕೊಡಲಿಲ್ಲವೆಂಬುದನ್ನು ಇಲ್ಲಿಯೇ ದಾಖಲಿಸುತ್ತೇನೆ. ಯಂತ್ರಕ್ಕೂ ರೋಷವಿರುತ್ತದೆ.

ಆರನೆಯ ವರ್ಷ, ಪೊಂಗಲ್ ಕಳೆದ ವಾರ, ಮುರಳಿ ಕೆಲಸದಿಂದ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಕುಳಿತ. ಔಷಧದಂಗಡಿಯ ಸರ್ವರಿಗೂ ಪ್ರೊಸೆಸರ್ ಬದಲಾಯಿಸಬೇಕಂತೆ; ಬರಬೇಕಾದ ಎಂಜಿನಿಯರು ಹಬ್ಬಕ್ಕೆ ಊರಿಗೆ ಹೋದವನು ಬಂದಿಲ್ಲವಂತೆ; "ನೀವು ಹಾರ್ಡ್‌ವೇರ್ ಕಲಿತವರಲ್ಲವಾ ಮುರಳಿ, ಶುಕ್ರವಾರ ನೀವೇ ಮಾಡಿಬಿಡಿ" ಎಂದು ಮ್ಯಾನೇಜರ್ ಹೇಳಿದರಂತೆ.

"ಮಾಡೋ. ಅದಕ್ಕೇನು?" ಎಂದಳು ಅಮ್ಮ.

"ಆಗಲ್ಲಮ್ಮ. ನನ್ನ ಕೈ ತಾಗಿದ್ರೆ ಅದು ನಿಂತುಹೋಗತ್ತೆ. ನಾಳೆ ಹೋಗಿ ಕೆಲಸಾನೇ ಬಿಡ್ತೀನಿ ಅಂತ ಹೇಳ್ಬಿಡ್ತೀನಿ."

ಅಮ್ಮ ದೇವರ ದೀಪಕ್ಕೆ ಎಣ್ಣೆ ಹಾಕಲು ಎದ್ದು ಹೋದಳು. ನಾನು ಕಾವಲಿಯ ಮೇಲೆ ಹಿಟ್ಟು ಹೊಯ್ಯಲು ಸೌಟು ಎತ್ತಿದವಳು, ಹೊಯ್ಯದೆ ಕೆಳಗಿಟ್ಟೆ.

"ಮುರಳಿ, ಆ ಬೂದು ಪಟ್ಟಿ ನಾನು ತಿಕ್ಕಿ ತೆಗೆದೆ ಕಣೋ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆರು ವರ್ಷದ ಹಿಂದಿನ ಗುರುವಾರಕ್ಕೆ ನಡೆದು ಹೋಗಿ ಬರಬೇಕಲ್ಲ.

"ಯಾವುದರಲ್ಲಿ ತಿಕ್ಕಿದೆ?"

"ಹುಣಿಸೇಹಣ್ಣಲ್ಲಿ."

"ಉಪ್ಪು?"

"ಒಂದು ಚಿಟಿಕೆ."

ತಮ್ಮ ನಗುತ್ತಾನೇನೋ ಎಂದು ನಾನು ಮುಖ ಎತ್ತಿದೆ. ಅವನು ತನ್ನ ಎರಡು ಅಂಗೈಗಳನ್ನೂ ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ನೋಡುತ್ತಿದ್ದ, ಬೇರೆ ಯಾರದೋ ಕೈಗಳನ್ನು ಯಾರೋ ತಂದು ಕೊಟ್ಟಂತೆ. "ಆರು ವರ್ಷ, ಅಕ್ಕಾ" ಎಂದ. ಎದ್ದು ಹೊರಗೆ ಹೋದ. ಚಪ್ಪಲಿ ಕಾಲಲ್ಲೇ ಇತ್ತು, ಅದೊಂದು ಅನುಕೂಲವಾಯಿತು.

ಎರಡು ದಿನ ಅವನು ನನ್ನೊಡನೆ ಮಾತಾಡಲಿಲ್ಲ. ನಾನು ಹಾಕಿದ ದೋಸೆಯನ್ನೂ ಮುಟ್ಟಲಿಲ್ಲ. ಅಮ್ಮನಿಂದ ಮೊಸರನ್ನ ಕಲಸಿಸಿಕೊಂಡು ತಿಂದ. ಕೆಲಸ ಬಿಡುತ್ತೇನೆಂದವನು ಬಿಟ್ಟನೋ ಇಲ್ಲವೋ ಎಂದು ಕೇಳುವ ಮುಖ ನನಗಿರಲಿಲ್ಲ. ಗುರುವಾರ ಸಂಜೆ ಅವನು ಒಂದು ಡಬ್ಬಿ ತಂದ. ನೇರವಾಗಿ ತನ್ನ ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡ. ಕಟ್ಟುವಾಗ ನಾನು ನೋಡುತ್ತಿದ್ದೇನೆಯೇ ಎಂದು ಖಚಿತಪಡಿಸಿಕೊಂಡ.

ಶುಕ್ರವಾರ ಬೆಳಗ್ಗೆ ಏಳಕ್ಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹೊರಡು" ಎಂದ.

"ಎಲ್ಲಿಗೋ?"

"ಟಾರ್ಚ್ ಹಿಡಿಯೋಕೆ ಆಳು ಬೇಕು. ಹುಣಿಸೇಹಣ್ಣು ಮನೇಲೇ ಬಿಟ್ಟು ಬಾ."

ಕ್ರೋಂಪೇಟೆಯಿಂದ ಪಲ್ಲಾವರಂ ರೈಲಿನಲ್ಲಿ ಮುಂದಿನ ನಿಲ್ದಾಣ. ಆ ದಿನ ಅದು ತಿರುಪತಿಗಿಂತ ದೂರವಿತ್ತು. ಅಂಗಡಿಯಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಮುರಳಿ ಸರ್ವರಿನ ಪಕ್ಕೆ ತೆರೆದ. ನಾನು ಅಷ್ಟು ವರ್ಷ ಭಯಪಟ್ಟ ಯಂತ್ರದ ಒಳಗೆ, ದೇವರಾಣೆ, ಎರಡು ಬೆರಳು ದಪ್ಪ ಧೂಳಿತ್ತು. ನನ್ನ ಕೈ ಸೆರಗಿನ ತುದಿಗೆ ಹೋದದ್ದನ್ನು ಕಂಡು ಅವನು, "ಅಕ್ಕಾ" ಎಂದ, ಅಷ್ಟೇ. ಹಳೆಯದನ್ನು ತೆಗೆದ. ಹೊಸದನ್ನು ಅರ್ಧ ಇಳಿಸಿದ. ಎತ್ತಿದ, ಉಸಿರು ಬಿಟ್ಟ, ಮತ್ತೆ ಇಳಿಸಿದ. ಆಮೇಲೆ ಜೇಬಿನಿಂದ ಪುಟ್ಟ ಟ್ಯೂಬೊಂದನ್ನು ತೆಗೆದು ನನ್ನ ಕೈಗೆ ಕೊಟ್ಟ.

"ಹೆಸರುಕಾಳಿನಷ್ಟು. ನಡುವೆ. ನೀನೇ ಹಾಕು."

"ನಾನಾ?"

"ತೆಗೆದವಳೇ ಹಾಕ್ಬೇಕು."

ಸುಮಂಗಲಿಯರಿಗೆ ಕುಂಕುಮವಿಡುವಾಗಲೂ ನಾನು ಅಷ್ಟು ಜಾಗರೂಕಳಾಗಿರಲಿಲ್ಲ. ಬೂದು ಬಣ್ಣದ ಆ ಕಾಳು ಹೊಳೆಯುವ ಲೋಹದ ಮೇಲೆ ಕುಳಿತಿತು. ನೋಡಲು ಅಪ್ಪಟ ಕೊಳೆ. ಕಣ್ಣು ಮುಚ್ಚಿಕೊಂಡು ಟ್ಯೂಬನ್ನು ಹಿಂದಿರುಗಿಸಿದೆ. ಅವನು ಗೋಪುರ ಕೂರಿಸಿ, ಚಿಲಕ ಬಿಗಿದು, ಯಂತ್ರ ಎಬ್ಬಿಸಿದ.

ಆಮೇಲೆ ಕಾದೆವು. ಕಾಲು ಗಂಟೆ. ಅರ್ಧ ಗಂಟೆ. ಕೆಲಸದವರು ಬಂದರು, ಮ್ಯಾನೇಜರ್ ಬಂದರು, ಬಿಲ್ಲುಗಳು ಹೊರಡತೊಡಗಿದವು. ಹತ್ತೂವರೆಗೆ ರಾಹುಕಾಲ ಬಂತು. ಬಂದದ್ದನ್ನು ನಾವಿಬ್ಬರೂ ಗಡಿಯಾರದಲ್ಲಿ ನೋಡಿದೆವು, ಒಬ್ಬರಿಗೊಬ್ಬರು ಹೇಳಲಿಲ್ಲ. ಹನ್ನೆರಡಕ್ಕೆ ಅದು ಹೋಯಿತು. ಸರ್ವರ್ ನಡೆಯುತ್ತಲೇ ಇತ್ತು. ಮುರಳಿ ಅದರ ಪಕ್ಕೆಯ ಮೇಲೆ ಅಂಗೈ ಇಟ್ಟು, ಜ್ವರ ಬಿಟ್ಟ ಮಗುವನ್ನು ನೋಡುವಂತೆ ನೋಡಿದ. ಅವನ ಕೈ ಬೆನ್ನ ಹಿಂದೆ ಇಲ್ಲದ್ದನ್ನು ನಾನು ಆಗ ಗಮನಿಸಿದೆ.

ಪಲ್ಲಾವರಂನಲ್ಲಿ ಶುಕ್ರವಾರ ಸಂತೆ. ಮಧ್ಯಾಹ್ನ ಅರ್ಧ ದಿನ ರಜೆ ಕೇಳಿಕೊಂಡು ಅವನು ನನ್ನನ್ನು ಅದರೊಳಗೆ ಕರೆದುಕೊಂಡು ಹೋದ. ಹೂವಿನ ಗಿಡ, ಮುರಿದ ಕುರ್ಚಿ, ಹಳೆಯ ಫೋನು, ಕೋಳಿಮರಿ ಎಲ್ಲ ಒಂದೇ ಸಾಲಿನಲ್ಲಿ ಸಿಗುವ ಜಾಗ ಅದು. ಗುಜರಿಯ ರಾಶಿಯೊಂದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕೆದಕಿ, ಇದ್ದಿಲಿನಷ್ಟು ಕಪ್ಪಾಗಿದ್ದ ಒಂದು ತಾಮ್ರದ ಚೊಂಬನ್ನು ಹೆಕ್ಕಿ ತೆಗೆದು ನನ್ನ ಕೈಗಿಟ್ಟ.

"ತಗೋ. ಇದನ್ನ ಎಷ್ಟು ಬೇಕಾದ್ರೂ ಉಜ್ಜು. ಇದಕ್ಕೆ ಮಿದುಳಿಲ್ಲ."

ಮನೆಗೆ ಬಂದು ಅವನು ಮಿಕ್ಸಿ ಬಿಚ್ಚಿದ. ಅದು ಇಂದಿಗೂ ಪೂರ್ತಿ ಜೋಡಣೆಯಾಗಿಲ್ಲ. ನಾನು ಚಟ್ನಿಯನ್ನು ಒರಳಿನಲ್ಲಿ ರುಬ್ಬುತ್ತೇನೆ, ಒಂದು ಮಾತೂ ಆಡದೆ.

ಚೊಂಬು ನಮ್ಮ ನಡುಮನೆಯ ಮೇಜಿನ ಮೇಲಿದೆ. ಹೊಟ್ಟೆ, ಕತ್ತು, ಅಂಚು ಎಲ್ಲವೂ ಕನ್ನಡಿ. ಬಂದವರು ಮುಖ ನೋಡಿಕೊಂಡು ಹೋಗುತ್ತಾರೆ. ಮೊನ್ನೆ ನಮ್ಮ ಸೋದರತ್ತೆ ಬಂದಿದ್ದರು. ನನ್ನ ಹಾಗೆಯೇ ಅವರಿಗೂ ಆ ರೋಗವಿದೆ. ಬಹುಶಃ ಅವರಿಂದಲೇ ನನಗೆ ಬಂದದ್ದು. ನೀರು ಕುಡಿದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಚೊಂಬನ್ನು ಮೆಲ್ಲಗೆ ಓರೆ ಮಾಡಿದರು. ಮಾಡಿದವರು ಹಾಗೆಯೇ ನಿಂತರು.

"ಏನೇ ಕೋಮಲ, ತಳ ಹೀಗೆ ಬಿಟ್ಟಿದೀಯಾ? ಇದ್ದಿಲ ಹಾಗಿದೆಯಲ್ಲೇ!"

"ಅದು ಹಾಗೇ ಇರ್ಬೇಕು ಅತ್ತೆ" ಎಂದೆ.

ಪೇಪರು ಓದುತ್ತಿದ್ದ ಮುರಳಿಯ ಮುಖ ನನಗೆ ಕಾಣಲಿಲ್ಲ; ಪೇಪರು ಮಾತ್ರ ಅಲುಗುತ್ತಿತ್ತು. ಸೋದರತ್ತೆ ಒಂದು ಮುಗುಳ್ನಗೆ ನಕ್ಕರು. ಆ ನಗೆಯ ಅರ್ಥ ನನಗೆ ಚೆನ್ನಾಗಿ ಗೊತ್ತು. ಬಹಳ ಮನೆಗಳಲ್ಲಿ ನಾನೇ ನಕ್ಕಿದ್ದೇನೆ.